ನೆಂಟರನ್ನು ನೋಡಿಕೊಳ್ಳುವ ಅತ್ತಿಗೆ

ಶನಿವಾರ ಬೆಳಿಗ್ಗೆ. ಬಟ್ಟೆ ಅಂಗಡಿಯ ಶಟರ್ ಮೇಲೇರಿತ್ತು, ಒಳಗಿನ ದೀಪಗಳು ಇನ್ನೂ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಅಷ್ಟರಲ್ಲೇ ಗಿರಾಕಿಯೊಬ್ಬರು ಪ್ಯಾಂಟೊಂದನ್ನು ಬಾವುಟದಂತೆ ಎತ್ತಿ ಹಿಡಿದುಕೊಂಡು ಬಿಲ್ಲಿಂಗ್ ಸಾಲಿನ ಮುಂದಕ್ಕೆ ಬಂದು ನಿಂತರು. ಒಂದೇ ಸಲ ಒಗೆದದ್ದು, ಮೊಣಕಾಲಿಗೆ ಬಂದು ಕೂತಿದೆ ಎಂಬುದು ಅವರ ದೂರು. ಬಿಲ್ಲು ಹಾಕುವ ಹುಡುಗಿ ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ. ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟವು. ಹಿಂದಿನ ಸಾಲು ಗೊಣಗತೊಡಗಿತು.

ಅಂಗಡಿಯ ಆ ತುದಿಯಲ್ಲಿ, ಟ್ರಯಲ್ ರೂಮುಗಳ ಪಕ್ಕದ ಕೌಂಟರಿನ ಹಿಂದೆ ಕೂತಿದ್ದ ಹೆಂಗಸು ಎದ್ದು ನಿಂತು ಕೈ ಮೇಲೆತ್ತಿದರು.

"ಸರ್, ಆ ಹುಡುಗಿ ಹತ್ರ ಏನೂ ಸಿಗಲ್ಲ. ಜಗಳ ಆಡೋದಾದ್ರೆ ಇಲ್ಲಿ ಬನ್ನಿ, ನಾನಿದೀನಿ."

ಗಿರಾಕಿ ತಿರುಗಿ ನೋಡಿದರು. ಶರ್ಟುಗಳ ಸಾಲು, ಮಕ್ಕಳ ಬಟ್ಟೆಯ ಸಾಲು ದಾಟಿ ಅಷ್ಟು ದೂರ ಪ್ಯಾಂಟು ಹೊತ್ತು ನಡೆದು ಬರುವಷ್ಟರಲ್ಲಿ ಅವರ ಅರ್ಧ ಸಿಟ್ಟು ದಾರಿಯಲ್ಲೇ ಉದುರಿತ್ತು. ಉಳಿದದ್ದನ್ನು ಕೌಂಟರಿನ ಮೇಲೆ ಸುರಿದರು. ಹೆಂಗಸು ಪ್ಯಾಂಟನ್ನು ಒಳಮಗ್ಗುಲು ತಿರುವಿ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತ, ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿಸಿಕೊಂಡರು. ಬಿಲ್ಲಿಂಗ್ ಸಾಲು ಮತ್ತೆ ಮುಂದೆ ಸರಿಯಿತು. ಗಿರಾಕಿ ಬೇರೆ ಪ್ಯಾಂಟು ತೆಗೆದುಕೊಂಡು, ತಮ್ಮ ಮನೆಯ ವಾಷಿಂಗ್ ಮಷೀನಿನ ಕಥೆಯನ್ನೂ ಹೇಳಿ ಹೋದರು.

ಆ ಕೌಂಟರಿನ ಮೇಲೆ ಗಾಜಿನ ಹಲಗೆಯಲ್ಲಿ ಬರೆದಿರುವುದು 'ಬದಲಾವಣೆ ಮತ್ತು ವಾಪಸಾತಿ' ಎಂದು. ಅಂಗಡಿಯವರು ಅದನ್ನು ಬೈಸಿಕೊಳ್ಳುವ ಕೌಂಟರ್ ಅನ್ನುತ್ತಾರೆ. ವಾರದ ಆರು ದಿನ ಆ ಹೆಂಗಸು ಅಲ್ಲಿ ಬೈಸಿಕೊಳ್ಳುತ್ತಾರೆ. ಭಾನುವಾರ ಮಧ್ಯಾಹ್ನ ಬೈಯುತ್ತಾರೆ.

ಬೈಯುವುದು ಒಂದು ಆನ್‌ಲೈನ್ ಆಟದಲ್ಲಿ. ಹತ್ತು ಜನ ತಮ್ಮ ತಮ್ಮ ಮನೆಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಪರಸ್ಪರ ಮಾತಾಡುತ್ತ ನೆಲದಡಿಯ ಅರಮನೆಯೊಂದಕ್ಕೆ ಇಳಿಯುತ್ತಾರೆ. ಕೊನೆಯ ಹಜಾರದಲ್ಲಿ ಒಬ್ಬ ದೈತ್ಯನಿರುತ್ತಾನೆ. ಅವನನ್ನು ಉರುಳಿಸಿದರೆ ಗೆದ್ದ ಹಾಗೆ. ಬೇರೆ ತಂಡಗಳು ಇದಕ್ಕೆಲ್ಲ ಆಟ ತಯಾರಿಸಿದವರು ಕೊಟ್ಟ ಇಂಗ್ಲಿಷ್ ಹೆಸರುಗಳನ್ನೇ ಬಳಸುತ್ತವೆ. ಈ ತಂಡ ಮನೆಮಾತಿನ ಹೆಸರುಗಳನ್ನು ಇಟ್ಟುಕೊಂಡಿದೆ. ಅರಮನೆ ದೈತ್ಯನದ್ದು, ಆದ್ದರಿಂದ ಅವನು ಯಜಮಾನ. ಯಜಮಾನನ ಶಕ್ತಿ ಅರ್ಧಕ್ಕೆ ಇಳಿದಾಗ ಹಜಾರದ ಎಡಬಲದ ಎರಡು ಬಾಗಿಲುಗಳು ತೆರೆದು, ಕತ್ತಿ ಹಿಡಿದ ಸಣ್ಣ ಸಣ್ಣ ವೈರಿಗಳು ಹಿಂಡುಹಿಂಡಾಗಿ ನುಗ್ಗುತ್ತಾರೆ. ಅವರು ನೆಂಟರು. ಕರೆಯದೆ ಬರುತ್ತಾರೆ, ಗುಂಪಾಗಿ ಬರುತ್ತಾರೆ, ಬಂದವರು ಬಾಗಿಲಲ್ಲಿ ನಿಲ್ಲದೆ ಸೀದಾ ಒಳಗೆ ಹೋಗುತ್ತಾರೆ ಎಂಬುದು ಆ ಹೆಸರಿಟ್ಟವರ ವಿವರಣೆ.

ಹೆಸರಿಟ್ಟವರು ತಂಡದ ಮುಂದಾಳು. ಕಾರು ಓಡಿಸಲು ಕಲಿಸುವುದು ಅವರ ಕಸುಬು, ಹಾಗಾಗಿ ಎಲ್ಲರಿಗೂ ಮೇಷ್ಟ್ರು. ಯಜಮಾನನ ಎದುರು ನಿಂತು ಅವನ ಏಟುಗಳನ್ನೆಲ್ಲ ತಿನ್ನುವವನು ಗೋಡೆ. ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡುವ ಈ ಯುವಕ ನಿಜದಲ್ಲಿ ಎಷ್ಟು ತೆಳ್ಳಗಿದ್ದಾನೆಂದರೆ, ಅವನ ಫೋಟೊ ನೋಡಿದ ದಿನ ತಂಡದವರು ಗೋಡೆ ಎಲ್ಲಿ, ಇದು ಬರೀ ಮೊಳೆ ಎಂದಿದ್ದರು. ಗಾಯಗೊಂಡವರನ್ನು ದೂರದಿಂದಲೇ ವಾಸಿಮಾಡುತ್ತ ಎಲ್ಲರನ್ನೂ ಬದುಕಿಸಿಡುವಾಕೆ ಬಟ್ಟೆ ಅಂಗಡಿಯ ಹೆಂಗಸಿನ ನಾದಿನಿ, ಅಂದರೆ ಗಂಡನ ತಂಗಿ. ಇನ್ನುಳಿದವರು ಬಿಲ್ಲು, ಮಂತ್ರ, ಕೊಡಲಿ ಹಿಡಿದು ಯಜಮಾನನ ಬೆನ್ನಿಗೆ ಹೊಡೆಯುವವರು.

ನೆಂಟರನ್ನು ನೋಡಿಕೊಳ್ಳುವುದು ಆ ಹೆಂಗಸಿನ, ಅಂದರೆ ತಂಡದವರೆಲ್ಲ ಕರೆಯುವಂತೆ ಅತ್ತಿಗೆಯ, ಪಾಲಿನ ಕೆಲಸ. ಒಂದು ಕೀಲಿ ಒತ್ತಿದರೆ ಎದುರಾಳಿ ಉಳಿದವರನ್ನೆಲ್ಲ ಬಿಟ್ಟು ಒತ್ತಿದವರ ಮೇಲೆ ಬೀಳುತ್ತಾನೆ. ಅದಕ್ಕೆ ತಂಡ ಇಟ್ಟ ಹೆಸರು ಬೈಗುಳ. ಸಣ್ಣ ಬೈಗುಳ ಒಬ್ಬನಿಗೆ ಮಾತ್ರ ತಾಗುತ್ತದೆ, ದೂರದಿಂದಲೂ ತಾಗುತ್ತದೆ. ದೊಡ್ಡ ಬೈಗುಳ ಹತ್ತಿರವಿದ್ದ ಅಷ್ಟೂ ಜನರಿಗೆ ತಾಗುತ್ತದೆ, ಆದರೆ ಒಂದು ಹೋರಾಟದಲ್ಲಿ ಅದು ಸಿಗುವುದು ಒಂದೇ ಸಲ. ಹೀಗೆ ಬೈದು, ನೆಂಟರನ್ನೆಲ್ಲ ಒಂದು ಮೂಲೆಗೆ ಎಳೆದು, ಯಜಮಾನ ಬೀಳುವವರೆಗೂ ಅವರ ಏಟು ತಿನ್ನುತ್ತ ಬೀಳದೆ ನಿಲ್ಲಬೇಕು. ಕೆಲಸ ಸರಿಯಾಗಿ ನಡೆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿದರೆ ಹತ್ತೂ ಜನ ಸಾಯುತ್ತಾರೆ, ಯಾರಿಂದ ಎಂಬುದು ಹತ್ತೂ ಜನಕ್ಕೆ ಗೊತ್ತಿರುತ್ತದೆ.

ಅಂಗಡಿಯ ಕೆಲಸಕ್ಕೂ ಇದಕ್ಕೂ ಹೋಲಿಕೆ ಇದೆಯಲ್ಲ ಎಂದರೆ ಅತ್ತಿಗೆ ಒಪ್ಪುವುದಿಲ್ಲ.

"ಅಂಗಡೀಲಿ ತಿರುಗಿ ಹೊಡೆಯೋ ಹಾಗಿಲ್ಲವಲ್ಲ," ಎನ್ನುತ್ತಾರೆ.

ಆಟಕ್ಕೆ ಅವರನ್ನು ಎಳೆದು ತಂದದ್ದು ನಾದಿನಿ. ಆಕೆ ಮದುವೆಯಾಗಿ ದೂರದ ನಗರಕ್ಕೆ ಹೋದ ಮೇಲೆ ಇಬ್ಬರಿಗೂ ಮಾತಾಡಲು ಪುರುಸೊತ್ತು ಸಿಗುತ್ತಿದ್ದುದು ಭಾನುವಾರ ಮಾತ್ರ. ಫೋನು ಹಿಡಿದರೆ ಅತ್ತೆ ಪಕ್ಕದಲ್ಲೇ ಬಂದು ಕೂರುತ್ತಿದ್ದರು. ಅತ್ತೆಯ ಬಗ್ಗೆ ಮಾತಾಡಬೇಕಾದದ್ದೆಲ್ಲ ಗಂಟಲಲ್ಲೇ ಉಳಿಯುತ್ತಿತ್ತು. ತವರಿಗೆ ಬಂದಿದ್ದಾಗ ನಾದಿನಿ ಮನೆಯ ಹಳೆಯ ಕಂಪ್ಯೂಟರಿಗೆ ಆಟವನ್ನು ಹಾಕಿಕೊಟ್ಟು ಹೋದಳು. ಮೊದಮೊದಲು ಇಬ್ಬರೂ ಆಟದೊಳಗೆ ಒಂದು ಹೊಳೆಯ ದಂಡೆಯಲ್ಲಿ ಬಂಡೆಯ ಮೇಲೆ ಕೂತು ಹರಟುತ್ತಿದ್ದರು. ಬೇರೆ ಆಟಗಾರರು ಕುದುರೆ ಏರಿ ಯುದ್ಧಕ್ಕೆ ಹೋಗುತ್ತ, ಕತ್ತಿ ಗುರಾಣಿ ಕೆಳಗಿಟ್ಟು ಕೂತ ಈ ಇಬ್ಬರನ್ನು ನೋಡಿ ಮುಂದೆ ಹೋಗುತ್ತಿದ್ದರು.

ಒಂದು ಭಾನುವಾರ ನಾದಿನಿಯ ತಂಡದಲ್ಲಿ ಹತ್ತನೆಯವರು ಬರಲಿಲ್ಲ. ಸುಮ್ಮನೆ ಬಂದು ನಿಂತಿರಿ, ಲೆಕ್ಕಕ್ಕೆ ಒಬ್ಬರು ಬೇಕು ಎಂದು ಅವಳು ಕರೆದಳು. ಅತ್ತಿಗೆ ಹೋಗಿ ಕಂಬದ ಪಕ್ಕ ನಿಂತರು. ಎಲ್ಲಿಂದಲೋ ಒಂದು ಹಿಂಡು ಬಂದು ನಾದಿನಿಯ ಮೇಲೆ ಬಿತ್ತು. ಅತ್ತಿಗೆ ನಡುವೆ ನುಗ್ಗಿ, ಯಾವ ಕೀಲಿಗೆ ಏನಾಗುತ್ತದೆಂದು ತಿಳಿಯದೆ ಎಲ್ಲವನ್ನೂ ಒತ್ತಿದರು. ಅವುಗಳಲ್ಲೊಂದು ದೊಡ್ಡ ಬೈಗುಳ. ಇಡೀ ಹಿಂಡು ಅವರ ಕಡೆ ತಿರುಗಿತು, ಅವರು ಓಡಲಿಲ್ಲ. ಇದು ಯಾರು ಎಂದು ಮೇಷ್ಟ್ರು ಕೇಳಿದರು. ನಮ್ಮತ್ತಿಗೆ ಎಂದಳು ನಾದಿನಿ. ಅಂದಿನಿಂದ ಅವರು ಉಳಿದ ಒಂಬತ್ತೂ ಜನಕ್ಕೆ ಅತ್ತಿಗೆ. ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ ಮೇಷ್ಟ್ರಿಗೂ ಸಹ.

ಬೈಯಲು ಕಲಿಯುವುದಕ್ಕೆ ಅವರಿಗೆ ಕಾಲ ಹಿಡಿಯಿತು. ಎದುರಿನವರು ಮಾತು ಮುಗಿಸುವವರೆಗೂ ಕಾಯುವುದು ಕೌಂಟರಿನ ಅಭ್ಯಾಸ. ಆಟದಲ್ಲೂ ಅವರು ನೆಂಟರು ಪೂರ್ತಿ ಒಳಗೆ ಬರಲಿ ಎಂದು ಕಾಯುತ್ತಿದ್ದರು. ಅಷ್ಟರಲ್ಲಿ ಯಾರಾದರೊಬ್ಬರು ನೆಲ ಕಚ್ಚಿರುತ್ತಿದ್ದರು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಗಾಡಿ ಓಡಿಸಬೇಡಿ, ಮೊದಲು ಬೈಯಿರಿ ಎಂದು ಮೇಷ್ಟ್ರು ಹೇಳಿ ಹೇಳಿ, ಅತ್ತಿಗೆಯ ಕೈ ಚುರುಕಾಯಿತು. ತಂಡ ಅರಮನೆಯ ಒಂದೊಂದೇ ಕೋಣೆ ಗೆಲ್ಲುತ್ತ ಕೊನೆಯ ಹಜಾರಕ್ಕೆ ಬಂತು. ಬಂದು ಅಲ್ಲೇ ಸಿಕ್ಕಿಬಿತ್ತು.

ಬಾಗಿಲು ಎರಡು, ಅತ್ತಿಗೆ ಒಬ್ಬರು. ಎಡಬಾಗಿಲಿನ ನೆಂಟರನ್ನು ಬೈದು ಹಿಡಿದರೆ ಬಲಬಾಗಿಲಿನವರು ನಾದಿನಿಯನ್ನು ಮುತ್ತುತ್ತಿದ್ದರು. ಬಲಕ್ಕೆ ಓಡಿದರೆ ಎಡದವರು ಕೈತಪ್ಪುತ್ತಿದ್ದರು. ನಾದಿನಿ ಸತ್ತ ಮೇಲೆ ವಾಸಿಮಾಡುವವರಿಲ್ಲದೆ ಗೋಡೆ ಸಾಯುತ್ತಿದ್ದ, ಗೋಡೆ ಸತ್ತ ಮೇಲೆ ಉಳಿದವರಿಗೆ ಅಡ್ಡವಿರುತ್ತಿರಲಿಲ್ಲ. ಭಾನುವಾರದ ಮೇಲೆ ಭಾನುವಾರ ಇದೇ ಆಯಿತು. ಆಟದ ಕಂಪನಿ ಈ ಅರಮನೆಯನ್ನು ಮುಚ್ಚಿ ಹೊಸ ಕೋಟೆ ತೆರೆಯುವ ದಿನವನ್ನೂ ಸಾರಿತು. ಯಜಮಾನನನ್ನು ಬೀಳಿಸಲು ಉಳಿದದ್ದು ಒಂದೇ ಭಾನುವಾರ.

ಆ ವಾರದ ನಡುವೆ ಮೇಷ್ಟ್ರು ಅಂಗಡಿಯ ಊಟದ ಬಿಡುವಿನಲ್ಲಿ ಫೋನ್ ಮಾಡಿದರು. ಅತ್ತಿಗೆ ಗೋದಾಮಿನ ಕೋಣೆಗೆ ಹೋಗಿ, ಬಿಚ್ಚದ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಕೇಳಿದರು. ಮೇಷ್ಟ್ರು ಸುತ್ತಿ ಬಳಸಿ ಮಾತಾಡುವವರಲ್ಲ. ಬೇರೆ ತಂಡದಿಂದ ಒಬ್ಬ ಹೊಸಬ ಬರಲು ಒಪ್ಪಿದ್ದಾನೆ, ಕೈ ತುಂಬ ಚುರುಕು, ಇಂಥ ಎರಡು ಬಾಗಿಲಿನ ಹಜಾರಗಳನ್ನು ಮಾಡಿದ ಅನುಭವವಿದೆ ಎಂದರು.

"ಈ ಭಾನುವಾರ ನೀವೇ ನೋಡ್ಕೊಳ್ಳಿ ಅತ್ತಿಗೆ. ಯಜಮಾನ ಬೀಳ್ಲಿಲ್ಲ ಅಂದ್ರೆ ಹೊಸ ಕೋಟೇಲಿ ನೆಂಟರನ್ನ ಅವನು ನೋಡ್ಕೊಳ್ಲಿ. ಬೇಜಾರು ಮಾಡ್ಕೋಬೇಡಿ."

"ಮಾಡ್ಕೊಳ್ಳಲ್ಲ. ಆದ್ರೆ ಇದು ನನ್ನ ನಾದಿನಿಗೆ ಗೊತ್ತಾಗ್ಬಾರ್ದು."

ಗೊತ್ತಾದರೆ ಅವಳೂ ತಂಡ ಬಿಟ್ಟು ಹೋಗುತ್ತಾಳೆ, ಆಮೇಲೆ ತಂಡವೇ ಇರುವುದಿಲ್ಲ ಎಂಬುದು ಅತ್ತಿಗೆಗೆ ಗೊತ್ತಿತ್ತು. ಬೇಜಾರು ಮಾಡಿಕೊಳ್ಳುವುದಿಲ್ಲ ಎಂದದ್ದು ಮಾತ್ರ ಸುಳ್ಳು. ಕೌಂಟರಿನ ಕೆಲಸದಲ್ಲಿ ಗೆಲುವು ಎಂಬುದಿಲ್ಲ. ಒಬ್ಬರು ಸಮಾಧಾನವಾಗಿ ಹೋದರೆ ಇನ್ನೊಬ್ಬರು ಚೀಲ ಹಿಡಿದು ಬರುತ್ತಾರೆ, ಸಂಜೆ ಶಟರ್ ಎಳೆಯುವುದು ಸಾಲು ಮುಗಿಯಿತೆಂದಲ್ಲ, ಹೊತ್ತು ಮುಗಿಯಿತೆಂದು. ಯಜಮಾನ ಬಿದ್ದರೆ ಬಿದ್ದಂತೆಯೇ. ಅದನ್ನು ತಾವು ನಿಂತ ಮೂಲೆಯಿಂದ ನೋಡಬೇಕೆಂಬ ಆಸೆ ಅವರಿಗಿತ್ತು. ಪೆಟ್ಟಿಗೆಗಳ ನಡುವಿನಿಂದ ಹೊರಬಂದು, ಮುಖ ತೊಳೆದುಕೊಂಡು, ಕೌಂಟರಿಗೆ ಹೋಗಿ ಕೂತರು.

ಭಾನುವಾರ ಊಟ ಬೇಗ ಮುಗಿಯಿತು. ಕಂಪ್ಯೂಟರ್ ಇರುವುದು ಮನೆಯ ಮುಂದಿನ ಕೋಣೆಯ ಮೂಲೆಯಲ್ಲಿ, ಬಟ್ಟೆಯ ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ. ಕುರ್ಚಿ ಹಿಂದಕ್ಕೆ ಸರಿಸಿದರೆ ಬೀರುವಿನ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಆಟ ಶುರುವಾಗುವ ಮೊದಲು ಬೇಕಾದ ಬಟ್ಟೆ ತೆಗೆದುಕೊಳ್ಳಿ ಎಂದು ಮನೆಯವರಿಗೆ ಕೂಗಿ ಹೇಳುವುದು ವಾಡಿಕೆ. ಗಂಡ ತೂಕದ ಯಂತ್ರಗಳನ್ನು ರಿಪೇರಿ ಮಾಡುವವರು. ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಯಾವುದೋ ಅಂಗಡಿಯ ಯಂತ್ರದ ಹೊಟ್ಟೆ ಬಿಚ್ಚಿ, ಸ್ಪ್ರಿಂಗು ತಿರುಪುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. ತಮಗೆ ಕೇಳಿಸದ್ದು ಲೋಕಕ್ಕೂ ಕೇಳಿಸುವುದಿಲ್ಲ ಎಂಬಂತೆ ಎಲ್ಲವನ್ನೂ ಏರುದನಿಯಲ್ಲೇ ಹೇಳುತ್ತಾರೆ.

ಮೊದಲ ಪ್ರಯತ್ನದಲ್ಲಿ ಬಲಬಾಗಿಲಿನ ನೆಂಟರು ಗೆದ್ದರು. ಎರಡನೆಯದರಲ್ಲಿ ಅತ್ತಿಗೆ ಬಲಬಾಗಿಲಿಗೇ ಹೋಗಿ ನಿಂತರು, ಎಡಬಾಗಿಲಿನವರು ಗೆದ್ದರು. ಮೇಷ್ಟ್ರು ಎಲ್ಲರನ್ನೂ ಮತ್ತೆ ತಮ್ಮ ತಮ್ಮ ಜಾಗದಲ್ಲಿ ನಿಲ್ಲಿಸಿದರು. ನಾದಿನಿ, ಇನ್ನೊಂದು ಸಲ ಇನ್ನೊಂದು ಸಲ ಎನ್ನುತ್ತಿದ್ದಳು.

ಮೂರನೆಯ ಪ್ರಯತ್ನ ಶುರುವಾಯಿತು. ಹೋರಾಟದ ನಡುವೆ ಎರಡೂ ಕೈಗೆ ಕೆಲಸವಿರುವುದರಿಂದ ಅತ್ತಿಗೆ ಮೈಕನ್ನು ಆರಿಸುವುದಿಲ್ಲ. ಯಜಮಾನನ ಶಕ್ತಿ ಅರ್ಧಕ್ಕೆ ಬರಲು ಇನ್ನೂ ಸಾಕಷ್ಟು ಬಾಕಿಯಿತ್ತು. ಆಗ ಹತ್ತೂ ಹೆಡ್‌ಫೋನುಗಳಲ್ಲಿ ಒಂದು ದೊಡ್ಡ ದನಿ ಮೊಳಗಿತು.

"ನೆಂಟರು ಬಂದ್ರು."

ಅದು ತಂಡದ ಕೂಗು. ಅದನ್ನು ಕೇಳಿದರೆ ಏನು ಮಾಡಬೇಕೆಂದು ವಾರಗಟ್ಟಲೆ ಅಭ್ಯಾಸ ಮಾಡಿದ್ದರು, ಯಾರೂ ಯೋಚಿಸಲು ನಿಲ್ಲಲಿಲ್ಲ. ಬಿಲ್ಲಿನವರು ಬಾಗಿಲುಗಳ ಕಡೆ ತಿರುಗಿದರು. ಗೋಡೆ ಒಂದೇ ಸಲಕ್ಕೆಂದು ಉಳಿಸಿಟ್ಟ ಕವಚವನ್ನು ತೊಟ್ಟ. ನಾದಿನಿ ಓಡಿ ಅತ್ತಿಗೆಯ ಬೆನ್ನ ಹಿಂದೆ ಬಂದು ಕೊಡೆ ಬಿಚ್ಚಿದಳು. ಕೊಡೆ ಎಂದರೆ ಅದರ ಕೆಳಗೆ ನಿಂತವರ ಏಟನ್ನೆಲ್ಲ ತಡೆಯುವ ಅವಳ ದೊಡ್ಡ ಮಂತ್ರ, ಅದೂ ಹೋರಾಟಕ್ಕೆ ಒಂದೇ. ಎಡಬಲದ ಬಾಗಿಲುಗಳು ಮುಚ್ಚಿಯೇ ಇದ್ದವು. ಖಾಲಿ ಮೂಲೆಯಲ್ಲಿ ಕೊಡೆ ಹೊಳೆಯುತ್ತ ನಿಂತು, ಹೊಳೆದು ಹೊಳೆದು ಆರಿಹೋಯಿತು.

ಯಾರು ಕೂಗಿದ್ದು ಎಂದು ಮೇಷ್ಟ್ರು ಕೇಳಿದರು.

"ನಮ್ಮಮ್ಮ," ಎಂದಳು ನಾದಿನಿ. ಆಮೇಲೆ ಕೇಳಿದಳು, "ಅತ್ತಿಗೆ, ಯಾರು ಬಂದಿರೋದು?"

"ಚಿಕ್ಕಮಾವ, ಚಿಕ್ಕತ್ತೆ."

"ನಾನು ಕೇಳ್ದೆ ಅಂತ ಹೇಳಿ."

ಗೋಡೆ ನಗಲು ಶುರುಮಾಡಿದ, ನಗುತ್ತಲೇ ಯಜಮಾನನ ಏಟು ತಿಂದ. ನಿಲ್ಲಿಸಬೇಡಿ, ಹೊಡೆಯುತ್ತಿರಿ ಎಂದರು ಮೇಷ್ಟ್ರು. ಯಜಮಾನನ ಶಕ್ತಿ ಅರ್ಧಕ್ಕಿಳಿಯಿತು, ಈಗ ನಿಜವಾದ ಬಾಗಿಲುಗಳು ತೆರೆದವು. ಕವಚವೂ ಇಲ್ಲ, ಕೊಡೆಯೂ ಇಲ್ಲ. ಈ ಪ್ರಯತ್ನ ಮುಗಿದ ಕಥೆ ಎಂದು ಎಲ್ಲರಿಗೂ ಗೊತ್ತಾಗಿತ್ತು, ಆದ್ದರಿಂದ ಎಲ್ಲಿದ್ದವರು ಅಲ್ಲೇ ನಿಂತರು. ನಾದಿನಿ ಎಂದಿನಂತೆ ಹಜಾರದ ನಡುವಿನ ತನ್ನ ಜಾಗಕ್ಕೆ ಮರಳದೆ ಅತ್ತಿಗೆಯ ಬೆನ್ನ ಹಿಂದೆಯೇ ಉಳಿದಳು.

ಆಗ ಅತ್ತಿಗೆ ಒಂದನ್ನು ಕಂಡರು. ಎಡಬಾಗಿಲಿನ ನೆಂಟರು ಆ ಪಕ್ಕದ ಮೂಲೆಯಲ್ಲಿದ್ದ ಅವರ ಕಡೆ ಬಂದದ್ದು ಹೊಸದಲ್ಲ. ಆದರೆ ಬಲಬಾಗಿಲಿನವರೂ ಹಜಾರವನ್ನು ಅಡ್ಡಡ್ಡ ಸೀಳಿಕೊಂಡು, ದಾರಿಯಲ್ಲಿದ್ದ ಬಿಲ್ಲಿನವರನ್ನು ಕಣ್ಣೆತ್ತಿಯೂ ನೋಡದೆ, ಅದೇ ಮೂಲೆಗೆ ಓಡಿ ಬಂದರು. ಎರಡು ಬಾಗಿಲಿನ ನೆಂಟರು ಒಂದೇ ರಾಶಿಯಾಗಿ ಅವರ ಗುರಾಣಿಯ ಮುಂದೆ ನಿಂತರು. ಅತ್ತಿಗೆ ದೊಡ್ಡ ಬೈಗುಳ ಒತ್ತಿದರು. ಅಷ್ಟೂ ಜನಕ್ಕೆ ತಾಗಿತು. ಕೊಡೆಯಿಲ್ಲದೆ ಅವರು ಬೇಗನೆ ಸತ್ತರು, ತಂಡವೂ ಸತ್ತಿತು.

ಅವರು ಹೆಡ್‌ಫೋನ್ ತೆಗೆದಿಟ್ಟು ಎದ್ದು, ಚಿಕ್ಕಮಾವನಿಗೂ ಚಿಕ್ಕತ್ತೆಗೂ ನೀರು ಕೊಟ್ಟು, ಪ್ರಯಾಣದ ಸುಖದುಃಖ ಕೇಳಿದರು. ಇವತ್ತೂ ಅಂಗಡಿಯ ಕೆಲಸವಾ ಎಂದು ಚಿಕ್ಕತ್ತೆ ಕಂಪ್ಯೂಟರನ್ನು ತೋರಿಸಿ ವಿಚಾರಿಸಿದರು. ಉತ್ತರ ಕೊಟ್ಟದ್ದು ಅತ್ತೆ.

"ಮಗಳ ಜೊತೆ ಮಾತಾಡ್ತಾಳೆ. ಮಾತಾಡ್ತಾ ಯಾರ್ಯಾರಿಗೋ ಹೊಡೀತಾಳೆ."

ಟೀ ತಾನು ಮಾಡುತ್ತೇನೆ, ನೀನು ಹೋಗು ಎಂದು ಗಂಡ ಕೈಯ ಎಣ್ಣೆ ಒರೆಸಿಕೊಂಡು ಎದ್ದರು.

ಅತ್ತಿಗೆ ಹೆಡ್‌ಫೋನ್ ಹಾಕಿಕೊಳ್ಳುವಷ್ಟರಲ್ಲಿ ಅಲ್ಲಿ ಮಾತು ಮುಗಿಯುವ ಹಂತಕ್ಕೆ ಬಂದಿತ್ತು. ಗೋಡೆಗೆ ಸಂಜೆಯ ಪಾಳಿ, ಇನ್ನೊಂದೇ ಪ್ರಯತ್ನಕ್ಕೆ ಹೊತ್ತಿತ್ತು. ಅತ್ತಿಗೆ ಮೈಕು ಬಂದ್ ಮಾಡಲಿ, ಉಳಿದದ್ದೆಲ್ಲ ಮೊದಲಿನಂತೆಯೇ ಇರಲಿ ಎಂದು ಮೇಷ್ಟ್ರು ಹೇಳುತ್ತಿದ್ದರು.

"ಮೇಷ್ಟ್ರೇ, ಮೈಕು ಇರ್ಲಿ. ನಾನು ಈ ಸಲ ಬಾಗಿಲಿಗೆ ಹೋಗಲ್ಲ."

ಮತ್ತೆಲ್ಲಿ ನಿಲ್ಲುತ್ತೀರಿ ಎಂದರು ಮೇಷ್ಟ್ರು.

"ಇಷ್ಟು ದಿನ ನಾವು ನೆಂಟರನ್ನ ಬಾಗಿಲಲ್ಲಿ ಕಾದು ಕರ್ಕೊಂಡ್ ಬರ್ತಿದ್ವಿ. ಅವರಿಗೆ ನಾವು ಬೇಕಾಗಿಲ್ಲ. ಅಡುಗೆಮನೆ ಎಲ್ಲಿದ್ಯೋ ಅಲ್ಲಿಗೆ ತಾವಾಗೇ ಬರ್ತಾರೆ. ಅಡುಗೆಮನೆ ನನ್ನ ಬೆನ್ನ ಹಿಂದೆ ಇದ್ರೆ ಸಾಕು."

"ಅಡುಗೆಮನೆ ಅಂದ್ರೆ ನಾನಾ?" ಎಂದಳು ನಾದಿನಿ.

"ನೀನೇ ಕಣೆ. ಎಲ್ರಿಗೂ ಬಡಿಸೋಳು ನೀನಲ್ವಾ."

ವೈರಿಗಳು ವಾಸಿಮಾಡುವವರ ಮೇಲೆ ಮೊದಲು ಬೀಳುತ್ತಾರೆ ಎಂಬುದು ತಂಡಕ್ಕೆ ಹೊಸ ವಿಷಯವಲ್ಲ. ಅದಕ್ಕಾಗಿಯೇ ನಾದಿನಿಯನ್ನು ಆದಷ್ಟು ದೂರ, ಹಜಾರದ ನಡುವೆ, ಎರಡೂ ಬಾಗಿಲಿಗೆ ಸಮದೂರದಲ್ಲಿ ನಿಲ್ಲಿಸುತ್ತಿದ್ದರು. ಆ ಜಾಗ ಗೊತ್ತುಮಾಡಿದವರು ಮೇಷ್ಟ್ರೇ. ಅವರು ಕೂಡಲೇ ಒಪ್ಪಲಿಲ್ಲ. ಆ ಮೂಲೆಯಿಂದ ಗೋಡೆಗೆ ಮಂತ್ರ ತಲುಪುವುದಿಲ್ಲ, ಯಜಮಾನನ ಎದುರು ಅವನು ಒಂಟಿಯಾಗುತ್ತಾನೆ ಎಂದರು. ಅದು ನಿಜವಾಗಿತ್ತು. ಉತ್ತರ ಗೋಡೆಯಿಂದ ಬಂತು.

"ನೆಂಟರು ಬಂದು ಕೂರೋವರೆಗೆ ನಾನ್ ತಡ್ಕೋತೀನಿ. ಕೂತ್ಮೇಲೆ ಅಡುಗೆಮನೆ ವಾಪಸ್ ಕಳಿಸಿ ಅತ್ತಿಗೆ."

ಹಾಗೇ ಆಗಲಿ ಎಂದರು ಮೇಷ್ಟ್ರು.

ಕೊನೆಯ ಪ್ರಯತ್ನ. ಯಜಮಾನನ ಶಕ್ತಿ ಇಳಿಯುತ್ತ ಬಂತು. ಅರ್ಧ ಮುಟ್ಟುವ ಮೊದಲೇ ನಾದಿನಿ ಹಜಾರದ ನಡುವಿನಿಂದ ಹೊರಟು ಅತ್ತಿಗೆಯ ಹಿಂದೆ ಬಂದು ನಿಂತಳು. ಬಾಗಿಲುಗಳು ತೆರೆದವು. ಅತ್ತಿಗೆ ಕದಲಲಿಲ್ಲ. ಎಡದವರು ಬಂದರು, ಅವರಿಗೆ ಒಂದು ಸಣ್ಣ ಬೈಗುಳವನ್ನೂ ಖರ್ಚು ಮಾಡದೆ ಗುರಾಣಿ ಅಡ್ಡ ಹಿಡಿದು ಕಾದರು. ಎಷ್ಟೋ ತಿಂಗಳು ಬಿಡಿಸಿಕೊಳ್ಳಲು ಒದ್ದಾಡಿದ ಆ ಕಾಯುವ ಅಭ್ಯಾಸ ಈಗ ಬೇಕಾಗಿತ್ತು. ಬಲದವರು ಹಜಾರ ಸೀಳಿಕೊಂಡು ಬರುತ್ತಲೇ ಇದ್ದರು. ಅತ್ತ ಗೋಡೆಯ ಪ್ರಾಣ ಜಾರುತ್ತಿತ್ತು.

ಮನೆಯ ಮುಂದಿನ ಕೋಣೆಯಲ್ಲಿ ಕೂತವರಿಗೆ ಹೆಡ್‌ಫೋನಿನ ಒಳಗಿನದ್ದು ಕೇಳಿಸುವುದಿಲ್ಲ. ಅವರಿಗೆ ಕೇಳಿಸಿದ್ದು ಅತ್ತಿಗೆಯ ಮಾತು ಮಾತ್ರ.

"ಬರ್ಲಿ, ಎಲ್ಲ ನೆಂಟರೂ ಬರ್ಲಿ. ಒಟ್ಟಿಗೆ ಬೈತೀನಿ."

ಚಿಕ್ಕತ್ತೆಯ ಟೀ ಕಪ್ಪು ತುಟಿಯ ಹತ್ತಿರ ನಿಂತಿತು.

"ಬೈದೆ. ಎಲ್ರಿಗೂ ತಾಗ್ತು, ಒಬ್ಬರೂ ತಪ್ಪಿಸ್ಕೊಂಡಿಲ್ಲ. ನೀನು ಕೊಡೆ ಬಿಚ್ಚಿಟ್ಟು ಹೋಗೇ. ನೆಂಟರನ್ನ ನಾನು ನೋಡ್ಕೋತೀನಿ, ನೀವೆಲ್ಲ ಸೇರಿ ಯಜಮಾನ್ರನ್ನ ಮುಗಿಸ್ರಿ."

ಆ ಮನೆಯ ಯಜಮಾನರು ಬಿಸ್ಕತ್ತಿನ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಚಿಕ್ಕಮಾವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನ್ನಲ್ಲ ಚಿಕ್ಕಪ್ಪ," ಎಂದರು ಅವರು. "ಆಟದಲ್ಲಿರೋ ಯಜಮಾನ."

ಚಿಕ್ಕಮಾವ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಹತ್ತಿರ ಬಂದು ಕೂತರು. ಇದರಲ್ಲಿ ಇವಳು ಯಾರು ಎಂದು ಕೇಳಿದರು. ಗಂಡ ಬಿಸ್ಕತ್ತೊಂದರಿಂದ ಪರದೆಯ ಮೂಲೆಯನ್ನು ತೋರಿಸಿ, ಆ ರಾಶಿಯ ಅಡಿಯಲ್ಲಿ ಕಾಣದೆ ಇರುವವಳು ಇವಳೇ ಎಂದರು.

ಕೊಡೆಯ ಕೆಳಗೆ ಅತ್ತಿಗೆ ನಿಂತಿದ್ದರು. ಕತ್ತಿಗಳು ಗುರಾಣಿಗೆ ಬಡಿಯುತ್ತಿದ್ದವು. ನಾದಿನಿ ಓಡಿಹೋಗಿ ಗೋಡೆಯನ್ನು ಸಾವಿನ ಬಾಯಿಂದ ಎಳೆದುಕೊಂಡಳು. ಅವಳನ್ನು ನೋಡಿ ರಾಶಿಯಿಂದ ಒಬ್ಬ ನೆಂಟ ಜಾರಿಕೊಂಡು ಹಿಂದೆ ಹೊರಟ. ಅತ್ತಿಗೆ ಅವನಿಗೆ ಒಂದು ಸಣ್ಣ ಬೈಗುಳ ಕಳಿಸಿದರು, ಅವನು ತಿರುಗಿ ಬಂದು ತನ್ನ ಜಾಗದಲ್ಲಿ ನಿಂತ. ಇನ್ನೊಬ್ಬ ಹೊರಟ, ಅವನಿಗೂ ಅದೇ ಆಯಿತು. ಯಜಮಾನನ ಶಕ್ತಿಯ ಪಟ್ಟಿ ತೆಳುವಾಗುತ್ತ ಬಂತು. ಇಷ್ಟು ತೆಳುವಾದದ್ದನ್ನು ಈ ತಂಡ ಯಾವತ್ತೂ ನೋಡಿರಲಿಲ್ಲ.

ಕೊಡೆ ಆರಿತು. ಅದೇ ಹೊತ್ತಿಗೆ ಗೋಡೆ ಬಿದ್ದ.

ಎದುರು ಯಾರೂ ಇಲ್ಲದ ಯಜಮಾನ ಬೆನ್ನಿಗೆ ಹೊಡೆಯುತ್ತಿದ್ದವರ ಕಡೆ ನಿಧಾನವಾಗಿ ತಿರುಗಿದ. ಅವನ ಒಂದೇ ಏಟಿಗೆ ಅವರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಮೇಷ್ಟ್ರು "ಅತ್ತಿಗೆ" ಎಂದರು.

ಅತ್ತಿಗೆಯ ಕೈ ಆಗಲೇ ಕೀಲಿಯ ಮೇಲಿತ್ತು. ದೂರದಿಂದಲೂ ತಾಗುವ ಆ ಸಣ್ಣ ಬೈಗುಳವನ್ನು ಅವರು ಇಲ್ಲಿಯವರೆಗೆ ನೆಂಟರಿಗೆ ಬಿಟ್ಟರೆ ಯಾರಿಗೂ ಬಳಸಿರಲಿಲ್ಲ.

"ಯಜಮಾನ್ರಿಗೂ ಬೈದೆ," ಎಂದರು.

ಎತ್ತಿದ ಗದೆಯನ್ನು ಯಜಮಾನ ಹಾಗೇ ಇಳಿಸಿದ. ಬಿಲ್ಲಿನವರನ್ನು ಬಿಟ್ಟು, ನಾದಿನಿಯನ್ನು ಬಿಟ್ಟು, ಅಷ್ಟು ದೊಡ್ಡ ಹಜಾರದ ಈ ತುದಿಯಿಂದ ಆ ಮೂಲೆಯ ಕಡೆ ನಡೆಯತೊಡಗಿದ. ಅವನು ನಡೆಯುವುದು ಭಾರವಾಗಿ, ಒಂದೊಂದು ಹೆಜ್ಜೆಗೂ ನೆಲ ಅದುರಿಸುತ್ತ. ಅಷ್ಟುದ್ದಕ್ಕೂ ಅವನ ಬೆನ್ನು ಬಿಲ್ಲಿನವರಿಗೆ, ಕೊಡಲಿಯವರಿಗೆ, ಮಂತ್ರದವರಿಗೆ ತೆರೆದೇ ಇತ್ತು. ಅವರು ಹೊಡೆದರು. ಅತ್ತಿಗೆಯ ಪ್ರಾಣದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಉಳಿದಿತ್ತು. ಯಜಮಾನ ಮೂಲೆಯ ಹತ್ತಿರ ಬಂದು ಗದೆ ಎತ್ತಿದ. ಎತ್ತಿದ ಗದೆ ಇಳಿಯಲಿಲ್ಲ. ಅವನು ಮೊಣಕಾಲು ಮಡಚಿ, ನೆಂಟರ ರಾಶಿಯ ಮೇಲೆಯೇ ಉದ್ದಕ್ಕೆ ಬಿದ್ದ. ಅವನು ಬಿದ್ದ ಕೂಡಲೇ ಅವನ ಅಡಿಯಲ್ಲಿದ್ದ ನೆಂಟರೂ ಒಬ್ಬೊಬ್ಬರಾಗಿ ಮಸುಕಾಗಿ ಇಲ್ಲವಾದರು. ಮೂಲೆಯಲ್ಲಿ ಗುರಾಣಿ ಹಿಡಿದ ಒಬ್ಬ ಹೆಂಗಸು ಮಾತ್ರ ನಿಂತಿದ್ದರು.

ಹೆಡ್‌ಫೋನಿನಲ್ಲಿ ಎದ್ದ ಗದ್ದಲ ಚಿಕ್ಕಮಾವನಿಗೂ ಕೇಳಿಸಿತು. ನಾದಿನಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ. ಸತ್ತು ಬಿದ್ದಿದ್ದ ಗೋಡೆ, ತಾನು ಬಿದ್ದದ್ದು ಬೇಕೆಂದೇ, ಅತ್ತಿಗೆಗೆ ಒಂದು ಅವಕಾಶ ಕೊಡಲಿಕ್ಕೆ ಎಂದು ವಾದಿಸುತ್ತಿದ್ದ. ಅತ್ತಿಗೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿಕೊಂಡು ಬಿದ್ದ ಯಜಮಾನನನ್ನು ಸಾವಕಾಶವಾಗಿ ನೋಡಿದರು. ಆಮೇಲೆ ಪರದೆಯ ಮೇಲೆ ಅವನ ಸುತ್ತ ಒಂದು ಸುತ್ತು ನಡೆದರು. ಆಟದಲ್ಲಿ ಅದರಿಂದ ಪ್ರಯೋಜನವೇನಿಲ್ಲ.

ಏನಾಯಿತು ಎಂದ ಅತ್ತೆಗೆ, ನಿಮ್ಮ ಮಗಳು ಗೆದ್ದಳು ಎಂದು ಹೇಳಿ ಅತ್ತಿಗೆ ಹೆಡ್‌ಫೋನನ್ನು ಅವರ ಕಿವಿಗೆ ಇಟ್ಟರು. ಚಿಕ್ಕತ್ತೆ ಆಗ ಬಾಯಿ ಬಿಟ್ಟರು.

"ಅಲ್ಲಮ್ಮ, ಬಂದ ನೆಂಟರಿಗೆ ಬೈದದ್ದಕ್ಕೆ ಇಷ್ಟು ಸಂಭ್ರಮನಾ?"

"ನಿಮಗಲ್ಲ ಚಿಕ್ಕತ್ತೆ," ಎಂದರು ಅತ್ತಿಗೆ. "ನೀವು ಇನ್ನೆರಡು ದಿನ ಇದ್ದು ಹೋಗಿ."

ಹೆಡ್‌ಫೋನ್ ಮತ್ತೆ ಅವರ ಕೈಗೆ ಬಂದಾಗ ಮೇಷ್ಟ್ರು ಎಲ್ಲರನ್ನೂ ಸುಮ್ಮನಾಗಿಸಿ ಮಾತಾಡುತ್ತಿದ್ದರು. ನಾದಿನಿಯನ್ನು ನಡುವೆ ನಿಲ್ಲಿಸಿದ್ದು ತಮ್ಮ ತಪ್ಪು, ಇಷ್ಟು ವಾರ ಬಾಗಿಲಿನಿಂದ ಬಾಗಿಲಿಗೆ ಓಡಿದ್ದು ಅತ್ತಿಗೆಯ ತಪ್ಪಲ್ಲ ಎಂದರು. ಹೊಸಬನ ವಿಷಯವನ್ನೂ ತಾವಾಗಿಯೇ ಹೇಳಿದರು. ನಾದಿನಿ ಅದನ್ನು ಕೇಳಿ ಮೊದಲು ಮೇಷ್ಟ್ರಿಗೆ, ಆಮೇಲೆ ಮುಚ್ಚಿಟ್ಟದ್ದಕ್ಕೆ ಅತ್ತಿಗೆಗೆ ನಿಜವಾದ ಬೈಗುಳಗಳನ್ನೇ ಬೈದಳು. ಗೋಡೆ ಪಾಳಿಗೆ ತಡವಾಯಿತೆಂದು ಹೊರಟ.

ಬುಧವಾರ ಕಂಪನಿ ಅರಮನೆಯನ್ನು ಮುಚ್ಚಿತು. ಮುಂದಿನ ಭಾನುವಾರ ತಂಡ ಹೊಸ ಕೋಟೆಗೆ ಹೋಗುತ್ತದೆ. ಅಲ್ಲಿನ ಮೊದಲ ಹಜಾರಕ್ಕೆ ನಾಲ್ಕು ಬಾಗಿಲುಗಳಿವೆ. ಬಿಲ್ಲಿನವರಲ್ಲಿ ಒಬ್ಬರಿಗೆ ಪರೀಕ್ಷೆ ಇರುವುದರಿಂದ ಅವರ ಜಾಗಕ್ಕೆ ಹೊಸಬ ಬರುತ್ತಾನೆ. ನೆಂಟರನ್ನು ಅತ್ತಿಗೆಯೇ ನೋಡಿಕೊಳ್ಳುತ್ತಾರೆ.